ಒರೆಸೋ ಬಟ್ಟೆ

ಮೊನ್ನೆ ಬೆಳಿಗ್ಗೆ ಹಾಲು ಉಕ್ಕಿತು. ಒಲೆಯಿಂದ ಕಟ್ಟೆಗೆ, ಕಟ್ಟೆಯಿಂದ ನೆಲಕ್ಕೆ. ಮೊಬೈಲ್ ನೋಡುತ್ತಾ ನಿಂತಿದ್ದವನು ನಾನೇ, ಹಾಗಾಗಿ ಒರೆಸುವ ಕೆಲಸವೂ ನನ್ನದೇ. ಸಿಂಕಿನ ಕೆಳಗೆ ಕೈ ಹಾಕಿದೆ. ಸಿಕ್ಕಿದ್ದು ನನ್ನ ಹಳೇ ಟೀ ಶರ್ಟು. ಯಾವುದೋ ಹತ್ತು ಕಿಲೋಮೀಟರ್ ಓಟದಲ್ಲಿ ಪುಕ್ಕಟೆ ಕೊಟ್ಟಿದ್ದು. ನಾನು ಓಡಿದ್ದು ನಾಲ್ಕು ಕಿಲೋಮೀಟರ್, ಅದು ಬೇರೆ ವಿಷಯ. ಅದನ್ನು ನೆಲಕ್ಕೆ ಹಾಕಿ ಎಳೆದೆ. ಹಾಲು ಈ ಕಡೆಯಿಂದ ಆ ಕಡೆಗೆ ಹೋಯಿತು. ಆ ಕಡೆಯಿಂದ ಎಳೆದೆ, ಈ ಕಡೆಗೆ ಬಂತು. ಹಾಲಿಗೆ ಅಡುಗೆಮನೆಯೆಲ್ಲ ತೋರಿಸಿದ ಹಾಗಾಯಿತೇ ಹೊರತು, ಆ ಬಟ್ಟೆ ಒಂದು ಹನಿಯನ್ನೂ ಕುಡಿಯಲಿಲ್ಲ. ಕತ್ತಿನ ಹತ್ತಿರದ ಚೀಟಿ ನೋಡಿದೆ. ನೂರಕ್ಕೆ ನೂರು ಪಾಲಿಯೆಸ್ಟರ್.

"ಬೆವರೇ ಕುಡಿಯಲ್ಲ ಅದು, ಹಾಲು ಕುಡಿಯುತ್ತಾ?" ಅಂದಳು ಅಮ್ಮ, ಅವರೆಕಾಯಿ ಬಿಡಿಸುತ್ತಾ.

ಮನೆಯಲ್ಲಿ ಮೂರು ಬೀರು ಇವೆ. ಮೂರರ ಬಾಗಿಲನ್ನೂ ಭುಜ ಕೊಟ್ಟು ಒತ್ತಿದರೇ ಹಾಕಬಹುದು. ಒರೆಸೋಕೆ ಮಾತ್ರ ಒಂದು ಬಟ್ಟೆ ಇಲ್ಲ.

ನಮ್ಮ ತಿಪಟೂರಿನ ಮನೆಯಲ್ಲಿ ಬಟ್ಟೆಗೂ ಸರ್ಕಾರಿ ನೌಕರಿಯ ಹಾಗೆ ಸರ್ವೀಸ್ ಇತ್ತು. ಅಪ್ಪನ ಪಂಚೆ ಮೊದಲು ಮದುವೆಮನೆಗೆ, ಆಮೇಲೆ ದಿನಬಳಕೆಗೆ. ಅಂಚು ಹರಿದ ಮೇಲೆ ಮಹಡಿ ಮೇಲೆ ಸಂಡಿಗೆ ಇಡೋಕೆ. ಸಂಡಿಗೆಯ ಕಲೆ ಜಾಸ್ತಿಯಾದರೆ ಒರೆಸೋ ಬಟ್ಟೆ, ಕೊನೆಗೆ ಸೈಕಲ್ ಚೈನು. ಹಿಂಬಡ್ತಿಯ ಮೇಲೆ ಹಿಂಬಡ್ತಿ, ಆದರೆ ವಜಾ ಅಂತ ಇರಲಿಲ್ಲ. ಧಾರವಾಡದ ಕಡೆಯವರಾಗಿದ್ದರೆ ಹಳೇ ಸೀರೆಗಳನ್ನೆಲ್ಲ ಸೇರಿಸಿ ಕೌದಿ ಹೊಲಿದು ಇನ್ನಿಪ್ಪತ್ತು ವರ್ಷ ಹೊದೆಯುತ್ತಿದ್ದರು.

ಇಲ್ಲಿ ಪಾತ್ರೆಯವಳ ವಿಷಯ ಹೇಳದೆ ಮುಂದೆ ಹೋಗೋಕಾಗಲ್ಲ.

ತಿಂಗಳಿಗೊಮ್ಮೆ ಬರುತ್ತಿದ್ದಳು. ತಲೆ ಮೇಲೆ ಬುಟ್ಟಿ ತುಂಬ ಸ್ಟೀಲ್ ಪಾತ್ರೆ, ಹೆಗಲಲ್ಲಿ ಹಳೇ ಬಟ್ಟೆಯ ಗಂಟು. ಒಂದು ಸಲ ಅವಳ ಬುಟ್ಟಿಯಲ್ಲಿದ್ದ ಮುಚ್ಚಳದ ಡಬ್ಬಿಯ ಮೇಲೆ ಅಮ್ಮನ ಕಣ್ಣು ಬಿತ್ತು. ಎರಡು ಪಂಚೆ, ಒಂದು ನೂಲಿನ ಸೀರೆ ತಂದು ಇಟ್ಟಳು. ಪಾತ್ರೆಯವಳು ಪಂಚೆಯನ್ನು ಬೆಳಕಿಗೆ ಹಿಡಿದಳು. ಅದರೊಳಗಿಂದ ನಮ್ಮ ತೆಂಗಿನ ಮರ ಪೂರ್ತಿ ಕಾಣುತ್ತಿತ್ತು.

"ಇದು ನೆಲ ಒರೆಸೋಕೆ ಸರಿ ಅಕ್ಕಾ. ಡಬ್ಬಿ ಬರಲ್ಲ."

"ಸೀರೆ ಗಟ್ಟಿಯಿದೆ ನೋಡಮ್ಮ."

"ಗಟ್ಟಿ ಇರೋದು ಅಂಚು ಮಾತ್ರ ಅಕ್ಕಾ. ಲೋಟ ಬೇಕಾದ್ರೆ ತಗೊಳ್ಳಿ."

ಮುಕ್ಕಾಲು ಗಂಟೆ ನಡೆಯಿತು. ಎರಡು ಸಲ ಬುಟ್ಟಿ ತಲೆಗೇರಿ ಗೇಟಿನವರೆಗೆ ಹೋಯಿತು, ಎರಡು ಸಲ ವಾಪಸ್ ಬಂತು. ಪಕ್ಕದ ಮನೆಯವರು ಒಗ್ಗರಣೆ ಬಿಟ್ಟು ಬಂದು ನಿಂತರು. ಕೊನೆಗೆ ಪಾತ್ರೆಯವಳು ಅಂಗಳದ ತಂತಿಯ ಮೇಲೆ ಒಣಗುತ್ತಿದ್ದ ಬೂದು ಬಣ್ಣದ ಟೆರಿಕಾಟ್ ಪ್ಯಾಂಟಿನ ಕಡೆ ಗಲ್ಲ ಎತ್ತಿದಳು. "ಅದು ಕೊಡಿ, ಡಬ್ಬಿ ಈಗಲೇ ಇಟ್ಟು ಹೋಗ್ತೀನಿ." ಅಮ್ಮ ರಸ್ತೆಯ ಎರಡೂ ಕಡೆ ನೋಡಿದಳು.

ಸಂಜೆ ಅಪ್ಪ ಪ್ಯಾಂಟು ಹುಡುಕಿದರು. ಮಾರನೇ ದಿನ ಆಫೀಸಿಗೆ ಯಾರೋ ದೊಡ್ಡ ಸಾಹೇಬರು ಬರುವವರಿದ್ದರು. ವಿಷಯ ತಿಳಿದ ಮೇಲೆ ಅಪ್ಪ ಕೂಗಾಡಲಿಲ್ಲ. ಅಡುಗೆಮನೆಗೆ ಹೋಗಿ ಡಬ್ಬಿಯನ್ನು ಸುತ್ತಲೂ ತಿರುಗಿಸಿ ನೋಡಿ, "ಜೇಬು ಎಲ್ಲಿ?" ಅಂತಷ್ಟೇ ಕೇಳಿದರು. ಅಲ್ಲಿಂದ ಆ ಡಬ್ಬಿಗೆ ನಮ್ಮನೆಯಲ್ಲಿ ಪ್ಯಾಂಟು ಅಂತಲೇ ಹೆಸರು. "ಪ್ಯಾಂಟಲ್ಲಿ ಸಕ್ಕರೆ ಇದೆಯಾ ನೋಡೋ" ಅಂತ ಅಮ್ಮ ಕೂಗಿದಾಗ, ಕಾಫಿಗೆ ಕಾಯುತ್ತಿದ್ದ ನೆಂಟರೊಬ್ಬರು "ನನಗೆ ಕಾಫಿ ಬೇಡ, ಈಗ ತಾನೇ ಆಯ್ತು" ಅಂದದ್ದು ನನಗೆ ಚೆನ್ನಾಗಿ ನೆನಪಿದೆ.

ಎಲ್ಲಿದ್ದೆ? ಹಾಂ, ಹಾಲು.

ಮಗಳು ಎದ್ದು ಬಂದಳು. ಪಾಲಿಯೆಸ್ಟರ್ ಬೈಯುತ್ತಿದ್ದೆ. "ಅಪ್ಪಾ, ಹತ್ತಿ ಏನು ಸಾಚಾ ಅಲ್ಲ. ಒಂದು ಹತ್ತಿ ಟೀ ಶರ್ಟಿಗೆ ಸುಮಾರು 2,700 ಲೀಟರ್ ನೀರು ಬೇಕು" ಅಂದಳು. ಪಾಲಿಯೆಸ್ಟರ್ ಆಗೋದು ಪೆಟ್ರೋಲಿಯಂನಿಂದ, ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆ ನೀರಿಗೆ ಹೋಗುತ್ತೆ, ಜಗತ್ತಿನಲ್ಲಿ ತಯಾರಾಗುವ ನೂಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಈಗ ಅದೇ ಅಂತಲೂ ಅವಳೇ ಹೇಳಿದಳು. ಚಿಲಿ ದೇಶದ ಅಟಕಾಮಾ ಮರುಭೂಮಿಯ ಫೋಟೋ ತೋರಿಸಿದಳು. ಬೇರೆ ದೇಶದವರು ಉಟ್ಟು ಬಿಟ್ಟದ್ದು, ಅಂಗಡಿಯಲ್ಲಿ ಬಿಕರಿಯಾಗದ್ದು ಎಲ್ಲ ಇಕೀಕೆ ಬಂದರಿಗೆ ಬಂದಿಳಿದು, ಅಲ್ಲೂ ಯಾರಿಗೂ ಬೇಡವಾದದ್ದು ಮರಳಿನ ಮೇಲೆ ಗುಡ್ಡ ಬಿದ್ದಿದೆ. ಅಷ್ಟು ಬಟ್ಟೆಗೆ ನಮ್ಮ ಪಾತ್ರೆಯವಳು ಒಂದು ಚಮಚವನ್ನೂ ಕೊಡುತ್ತಿರಲಿಲ್ಲ.

ಅಷ್ಟರಲ್ಲಿ ಬೆಲ್ ಆಯಿತು. ಮಗಳ ಕೊರಿಯರ್. ಒಂದೇ ಕುರ್ತಿ, ಎರಡು ಸೈಜು. "ಯಾವುದು ಸರಿಯಾಗುತ್ತೋ ಇಟ್ಕೊಂಡು ಇನ್ನೊಂದು ವಾಪಸ್ ಮಾಡ್ತೀನಿ" ಅಂದಳು. ನಾನು ಮಾತಾಡಲಿಲ್ಲ. ಮಾತಾಡೋಕೆ ನನಗೇನು ಹಕ್ಕು? ಪುಕ್ಕಟೆ ಕೊಟ್ಟರೆ ನಾಲ್ಕು ಕಿಲೋಮೀಟರ್ ಓಡುವವನು ನಾನು. ಆದರೂ ಸಿಟ್ಟು ಬರುತ್ತೆ. ಪರಿಸರಸ್ನೇಹಿ ಅಂತ ಸೆಣಬಿನ ದಾರದಲ್ಲಿ ಚೀಟಿ ಕಟ್ಟಿ ಒಂದು ಅಂಗಿಗೆ 3,800 ರೂಪಾಯಿ ಕೇಳುತ್ತಾರಲ್ಲ, ಅವರನ್ನು ಕಂಡರೆ ಇನ್ನೂ ಜಾಸ್ತಿ ಸಿಟ್ಟು. ರಾಷ್ಟ್ರಧ್ವಜವನ್ನೂ ಪಾಲಿಯೆಸ್ಟರಿನಲ್ಲಿ ಮಾಡಬಹುದು ಅಂತ 2021ರ ಡಿಸೆಂಬರಿನಲ್ಲಿ ನಿಯಮ ಬದಲಾಯಿಸಿದರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕೂತು ಖಾದಿ ಧ್ವಜ ಹೊಲಿಯುವ ಹೆಣ್ಣುಮಕ್ಕಳನ್ನು ಒಂದು ಮಾತು ಕೇಳಿದರೋ ಇಲ್ಲವೋ.

ಇಷ್ಟಾದರೂ ಹಾಲು ನೆಲದ ಮೇಲೇ ಇತ್ತು. ನ್ಯೂಸ್‌ಪೇಪರ್ ಹಾಸಿ ತೆಗೆದೆ. ಸಂಜೆ ಅಂಗಡಿಗೆ ಹೋಗಿ, ಜೀವನದಲ್ಲಿ ಮೊದಲ ಸಲ, ದುಡ್ಡು ಕೊಟ್ಟು ಒರೆಸೋ ಬಟ್ಟೆ ತಂದೆ. ಮೂರರ ಕಟ್ಟು, ಹಳದಿ, ನೀಲಿ, ಗುಲಾಬಿ. ಮೈಕ್ರೋಫೈಬರ್ ಅಂತೆ. ನೀರು ಚೆಲ್ಲಿ ನೋಡಿದೆ, ಒಂದೇ ಸಲಕ್ಕೆ ಕುಡಿದುಬಿಟ್ಟಿತು. ಖುಷಿಯಾಗಿ ಚೀಟಿ ತಿರುಗಿಸಿದೆ. ಎಂಬತ್ತು ಭಾಗ ಪಾಲಿಯೆಸ್ಟರ್.

ಮಾರನೇ ದಿನ ನೋಡಿದರೆ ಸಿಂಕಿನ ಕೆಳಗೆ ಮತ್ತೆ ನನ್ನ ಓಟದ ಟೀ ಶರ್ಟೇ ಕೂತಿತ್ತು. ಹಳದಿ ಬಟ್ಟೆ ಮಿಕ್ಸಿಯ ಮೇಲೆ, ನೀಲಿ ಟೀವಿಯ ಮೇಲೆ. ಗುಲಾಬಿಯದನ್ನು ಅಮ್ಮ ಮಡಚಿ ಬೀರುವಿನಲ್ಲಿ ತನ್ನ ರೇಷ್ಮೆ ಸೀರೆಗಳ ಪಕ್ಕ ಇಟ್ಟಿದ್ದಳು.

"ಅಷ್ಟು ಚೆನ್ನಾಗಿರೋದರಲ್ಲಿ ಯಾರಾದರೂ ನೆಲ ಒರೆಸ್ತಾರೇನೋ?"