ಬಾಣಂತಿಯ ಎದುರು ಆ ಪ್ರಶ್ನೆ ಕೇಳಬೇಡಿ

ಮಗು ಹುಟ್ಟಿದ ಮನೆಗೆ ಹೋದವರು ಮೊದಲು ಕೇಳುವುದು ಗಂಡೋ ಹೆಣ್ಣೋ ಎಂದು. ಅದರ ಬೆನ್ನಿಗೇ ಬರುವ ಪ್ರಶ್ನೆ, "ಹಾಲು ಸಾಲುತ್ತಿದೆಯಾ?" ಕೇಳುವವರಿಗೆ ಅದು ಉಪಚಾರದ ಮಾತು. ಹೊಲಿಗೆ ಇನ್ನೂ ಮಾಯದ, ರಾತ್ರಿಯೆಲ್ಲ ನಿದ್ದೆಗೆಟ್ಟ ಹುಡುಗಿಗೆ ಮಾತ್ರ ಅದು ಮನಸ್ಸಿನಲ್ಲಿ ನಾಟಿ ಕೂರುವ ಸಂಶಯ. ನಮ್ಮ ದಾವಣಗೆರೆಯಲ್ಲಿ, ನನ್ನ ಬಂಧುಬಳಗದಲ್ಲೇ ನೋಡುತ್ತಿದ್ದೇನೆ: ಬೇಕಾದಷ್ಟು ಹಾಲಿರುವ ತಾಯಂದಿರೂ ತಮಗೆ ಹಾಲಿಲ್ಲವೆಂದು ನಂಬಿ ಹಾಲಿನ ಪುಡಿಯ ಡಬ್ಬಿ ತರಿಸುತ್ತಿದ್ದಾರೆ. ಹಾಗೆ ನಂಬಿಸುತ್ತಿರುವವರು ಸುತ್ತಲಿನ ನಾವೇ.

ಈ ಬೇಸಿಗೆಯಲ್ಲಿ ನನ್ನ ತಂಗಿಯ ಮಗಳಿಗೆ ಸಿಸೇರಿಯನ್ ಆಯಿತು. ಮರುದಿನ ಸಂಜೆ ವಾರ್ಡಿನಲ್ಲಿ ಮಗು ಒಂದೇ ಸಮನೆ ಅಳುತ್ತಿತ್ತು. ನೋಡಲು ಬಂದ ಹಿರಿಯರೊಬ್ಬರು ಚೀಲದಿಂದ ಜೇನುತುಪ್ಪದ ಶೀಶೆ ತೆಗೆದರು. ಇನ್ನೊಬ್ಬರು ಹಾಲಿನ ಪುಡಿಯ ಡಬ್ಬಿ ತರಲು ಅಳಿಯನನ್ನು ಕೆಳಗಿನ ಔಷಧಿ ಅಂಗಡಿಗೆ ಓಡಿಸಿದರು. "ದೊಡ್ಡಮ್ಮ, ನನಗೆ ಹಾಲೇ ಬಂದಿಲ್ಲವಂತೆ" ಎಂದು ಅವಳು ಕಣ್ಣು ತುಂಬಿಕೊಂಡಳು. ತನ್ನ ಮೈಯ ಸುದ್ದಿಯನ್ನು ಅವಳು ಬೇರೆಯವರಿಂದ ತಿಳಿದುಕೊಂಡಿದ್ದಳು!

ಅಷ್ಟರಲ್ಲಿ ಪಾಳಿಗೆ ಬಂದ ನರ್ಸ್ ಒಬ್ಬರು ಎಲ್ಲರನ್ನೂ ಹೊರಗೆ ಕಳಿಸಿ, ಅವಳ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು. ಹೊಲಿಗೆಯ ಮೇಲೆ ಭಾರ ಬೀಳದಂತೆ ಮಗುವಿನ ಮೈಯನ್ನು ಅವಳ ಕಂಕುಳ ಪಕ್ಕಕ್ಕೆ ತಂದರು. ತೊಟ್ಟನ್ನು ಮಗುವಿನ ಮೇಲ್ದುಟಿಗೆ ಸೋಕಿಸಿ, ಬಾಯಿ ಅಗಲವಾಗಿ ತೆರೆಯುವವರೆಗೆ ಕಾದು, ಆಮೇಲೆ ಎದೆಗೆ ಹಚ್ಚಿದರು. ಮಗುವಿನ ಗದ್ದ ಎದೆಗೆ ತಾಗಿತು, ಕೆಳದುಟಿ ಹೊರಕ್ಕೆ ಮಡಚಿಕೊಂಡಿತು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಹುಪಾಲು ಬಾಯೊಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಚೀಪುವ ವೇಗ ತಗ್ಗಿ, ನುಂಗುವ ಸದ್ದು ಕೇಳಿಸಿತು. ಡಬ್ಬಿ ಮುಚ್ಚಳ ತೆಗೆಯದೆ ಅಂಗಡಿಗೆ ವಾಪಸ್ಸಾಯಿತು. ಇಷ್ಟನ್ನು ತಾಳ್ಮೆಯಿಂದ ಹೇಳಿಕೊಡುವವರು ಎಷ್ಟು ಬಾಣಂತಿಯರಿಗೆ ಸಿಗುತ್ತಾರೆ?

ಮೊದಲ ಎರಡು ಮೂರು ದಿನ ಬರುವುದು ಹಳದಿ ಬಣ್ಣದ, ಅಂಟಂಟಾದ ಹಾಲು. ಕೆಲವೇ ಚಮಚದಷ್ಟಿರುತ್ತದೆ, ಆ ಪುಟ್ಟ ಹೊಟ್ಟೆಗೆ ಅಷ್ಟೇ ಸಾಕು. ರೋಗನಿರೋಧಕ ಅಂಶಗಳು ಅದರಲ್ಲಿ ದಟ್ಟವಾಗಿರುತ್ತವೆ. ಎಮ್ಮೆ ಈದರೆ ಗಿಣ್ಣು ಕಾಸಿ, ಬೆಲ್ಲ ಏಲಕ್ಕಿ ಹಾಕಿ ಓಣಿಗೆಲ್ಲ ಹಂಚುವ ಜನ ನಾವು. ತಾಯಿಯ ಗಿಣ್ಣನ್ನು ಮಾತ್ರ ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿಸಿದ ಮನೆಗಳು ಎಷ್ಟೋ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಶೇ 41.8ರಷ್ಟು ಮಕ್ಕಳಿಗೆ ಮಾತ್ರ. ಆಸ್ಪತ್ರೆಯ ಒಳಗೇ ಆ ಮೊದಲ ಗಂಟೆ ಕೈತಪ್ಪುತ್ತಿದೆ ಎಂದಾಯಿತು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು.

ಮಗು ಚೀಪಿದಷ್ಟೂ ತಾಯಿಯ ಮೈಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚಿ ಹಾಲು ಉತ್ಪತ್ತಿಯಾಗುತ್ತದೆ. ರಾತ್ರಿ ಅದರ ಪ್ರಮಾಣ ಇನ್ನೂ ಹೆಚ್ಚು, ಹಾಗಾಗಿ ರಾತ್ರಿಯ ಹಾಲೂಡಿಕೆ ತಪ್ಪಿಸಬಾರದು. ಉತ್ಪತ್ತಿಯಾದ ಹಾಲನ್ನು ಹೊರಗೆ ಹರಿಸುವುದು ಆಕ್ಸಿಟೋಸಿನ್. ನೋವು, ಅವಮಾನ, ಗಾಬರಿ ಇದ್ದಾಗ ಅದು ಹಿಂಜರಿಯುತ್ತದೆ. ಮಂಚದ ಸುತ್ತ ನಿಂತು ನಾವು ಆಡುವ ಮಾತು ಹಾಲನ್ನೇ ತಡೆಯಬಲ್ಲದು. ಇನ್ನು ಬಾಟಲಿಯಿಂದ ಹೊಟ್ಟೆ ತುಂಬಿದ ಮಗು ಎದೆಯಲ್ಲಿ ಕಡಿಮೆ ಚೀಪುತ್ತದೆ, ಚೀಪುವುದು ಕಡಿಮೆಯಾದರೆ ಹಾಲೂ ಇಳಿಯುತ್ತದೆ. ಆಗ "ನಾನು ಮೊದಲೇ ಹೇಳಿರಲಿಲ್ಲವೇ" ಎನ್ನಲು ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ.

ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಮಗುವಿನ ಬಾಯಿ ಒಣಗುತ್ತದೆಂದು ಒಳಲೆಯಲ್ಲಿ ನೀರು ಹಾಕುತ್ತಾರೆ. ಎದೆಹಾಲಿನಲ್ಲಿ ಶೇ 87ರಷ್ಟು ನೀರೇ ಇರುತ್ತದೆ. ಆರು ತಿಂಗಳು ತುಂಬುವವರೆಗೆ ಬೇರೆ ನೀರು ಬೇಡ. ಅದೇ ಮನೆಯಲ್ಲಿ, ಹೊಟ್ಟೆ ದಪ್ಪವಾಗುತ್ತದೆ ಎಂದು ಬಾಣಂತಿಗೆ ಲೋಟ ನೀರು ಕೊಡಲು ಹಿಂದೆಮುಂದೆ ನೋಡುತ್ತಾರೆ! ಅವಳು ಬಾಯಾರಿದಷ್ಟೂ ಕುಡಿಯಲಿ. ಸಬ್ಬಸಿಗೆ, ಮೆಂತ್ಯ, ಬೆಳ್ಳುಳ್ಳಿ, ಅಂಟಿನುಂಡೆ ಎಲ್ಲ ಇರಲಿ, ಅವಳನ್ನು ಕೂರಿಸಿ ಉಣಿಸುವ ನಮ್ಮ ಬಾಣಂತನದ ಪದ್ಧತಿ ನನಗೆ ಬಹಳ ಇಷ್ಟ. ಜೇನುತುಪ್ಪ ಮಾತ್ರ ವರ್ಷ ತುಂಬುವವರೆಗೆ ಮಗುವಿನ ಬಾಯಿಗೆ ಬೇಡವೇ ಬೇಡ. ಅದರಲ್ಲಿರಬಹುದಾದ, ಬಾಟ್ಯುಲಿಸಂ ಎಂಬ ಕಾಯಿಲೆ ತರುವ ಸೂಕ್ಷ್ಮಾಣು ಎಳೆಗೂಸಿಗೆ ಅಪಾಯಕಾರಿ.

ಡಬ್ಬಿ ಹಾಲು ಕೊಡಲೇಬೇಕಾದ ಸಂದರ್ಭಗಳಿವೆ. ವೈದ್ಯರು ನೋಡಿ ಹೇಳಿದರೆ ಕೊಡಬೇಕು, ಆ ತಾಯಿಯನ್ನು ಯಾರೂ ಹಂಗಿಸಬಾರದು. ನನ್ನ ತಕರಾರು ಅಕ್ಕಪಕ್ಕದವರ ಸಲಹೆಯ ಮೇಲೆ ಬರುವ ಡಬ್ಬಿಯ ಬಗ್ಗೆ. 1992ರ ಕಾಯ್ದೆಯಂತೆ ನಮ್ಮ ದೇಶದಲ್ಲಿ ಈ ಪುಡಿಗೆ ಜಾಹೀರಾತು ನೀಡುವಂತಿಲ್ಲ, ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ. ಕಂಪನಿ ಮಾಡಬಾರದ ಪ್ರಚಾರವನ್ನು ನೆಂಟರು ಪುಕ್ಕಟೆಯಾಗಿ ಮಾಡುತ್ತಿದ್ದಾರೆ.

ಮಂಡಕ್ಕಿ ಭಟ್ಟಿಗೆ, ಚನ್ನಗಿರಿ ಕಡೆ ಅಡಿಕೆ ಸುಲಿಯಲು ಹೋಗುವ ಹೆಣ್ಣುಮಕ್ಕಳ ಕಷ್ಟವೇ ಬೇರೆ. 2017ರ ತಿದ್ದುಪಡಿ ಕೊಟ್ಟ 26 ವಾರಗಳ ಹೆರಿಗೆ ರಜೆ ದಿನಗೂಲಿಯವರ ಮನೆಬಾಗಿಲಿಗೆ ಬರುವುದಿಲ್ಲ. ಕೂಲಿ ಬಿಟ್ಟರೆ ಒಲೆ ಉರಿಯದ ಮನೆಯ ತಾಯಿಗೆ ಆರು ತಿಂಗಳು ಎದೆಹಾಲನ್ನಷ್ಟೇ ಕೊಡು ಎಂದು ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ. ಅವಳಿಗೆ ಬೇಕಾದದ್ದು ಆ ಆರು ತಿಂಗಳ ಕೂಲಿ.

ಹಾಲು ಸಾಲುತ್ತಿದೆಯೋ ಇಲ್ಲವೋ ಎಂಬುದನ್ನು ಅಳುವಿನಿಂದ ಅಳೆಯಬೇಡಿ. ಸಂಜೆ ಹೊತ್ತು ಮೇಲಿಂದ ಮೇಲೆ ಹಾಲು ಕೇಳುವುದು ಎಳೆಗೂಸುಗಳ ಸಹಜ ಸ್ವಭಾವ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿದು, ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ಮರಳಬೇಕು. ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆಯಾಗಬೇಕು. ಮೂತ್ರ ಕಡಿಮೆಯಾಗಿ ಗಾಢ ಹಳದಿಗೆ ತಿರುಗಿದರೆ, ಮಗು ಹಾಲಿಗೂ ಏಳದೆ ಮಂಪರಿನಲ್ಲಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಬಂದಾಗ ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಡಿ. ಒಳಗೆ ಕೂರಿಸಿ, ಮಗು ಹಾಲು ಕುಡಿಯುವುದನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ನೋಡಿ ಹೇಳಮ್ಮ ಎಂದು ಕೇಳಿ.