ಶನಿವಾರದ ಮಿಠಾಯಿ ಮತ್ತು ನಮ್ಮೂರಿನ ಆಸ್ರಿ

ನಾನಿರುವ ಸ್ವೀಡನ್ನಿನ ಮಾಲ್ಮೊದಲ್ಲಿ ಮಕ್ಕಳಿಗೆ ಮಿಠಾಯಿ ಸಿಗುವುದು ಶನಿವಾರ. ಅವತ್ತು ಅಂಗಡಿಯಲ್ಲಿ ಕಾಗದದ ಚೀಲ ಹಿಡಿದು, ಬೇಕಾದ್ದನ್ನೆಲ್ಲ ಆರಿಸಿ ತುಂಬಿಸಿಕೊಳ್ಳುತ್ತಾರೆ. ಮಿಠಾಯಿ ತಿನ್ನುವುದರಲ್ಲಿ ಈ ಜನ ಯಾರಿಗೂ ಕಡಿಮೆಯಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ವಾರದ ಉಳಿದ ದಿನ ಅತ್ತರೂ ಇಲ್ಲ.

ಈ ಪದ್ಧತಿಯ ಹಿಂದಿನ ಕಥೆ ಕಹಿಯಾದದ್ದು. 1940ರ ದಶಕದಲ್ಲಿ ಪಕ್ಕದ ಲುಂಡ್ ಊರಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯ ರೋಗಿಗಳಿಗೆ ಅಂಟಂಟು ಟಾಫಿ ತಿನ್ನಿಸಿ, ಹಲ್ಲು ಹೇಗೆ ಹುಳುಕಾಗುತ್ತದೆ ಎಂದು ನೋಡಿದರು. ಅವರ ಒಪ್ಪಿಗೆ ಕೇಳಲೇ ಇಲ್ಲ. ಅದು ದೊಡ್ಡ ಅನ್ಯಾಯ. ಅಲ್ಲಿ ಗೊತ್ತಾದ ಸಂಗತಿ ಮಾತ್ರ ಇವತ್ತಿಗೂ ನಿಜ: ಸಕ್ಕರೆ ಎಷ್ಟು ಎನ್ನುವುದಕ್ಕಿಂತ ಎಷ್ಟು ಸಲ, ಎಷ್ಟು ಹೊತ್ತು ಬಾಯಲ್ಲಿರುತ್ತದೆ ಎನ್ನುವುದೇ ಹಲ್ಲಿಗೆ ಮುಖ್ಯ. ಮಿಠಾಯಿ ವಾರಕ್ಕೊಂದೇ ದಿನ ಎಂಬ ಪದ್ಧತಿ ಬಂದದ್ದು ಇದರಿಂದಲೇ.

ಉಡುಪಿಗೆ ಬಂದಾಗಲೆಲ್ಲ ನನಗೆ ಇದೇ ಯೋಚನೆ. ಯಾರ ಮನೆಗೆ ಹೋದರೂ ಮೊದಲ ಮಾತು, "ಆಸ್ರಿಗೆ ಏನು ಬೇಕು?" ಆಸ್ರಿ ಎಂದರೆ ಬಾಯಾರಿಕೆ ತಣಿಸಲು ಕೊಡುವ ಪಾನೀಯ. ಎಂಥ ಒಳ್ಳೆಯ ಮಾತು! ಆದರೆ ಬರುವುದೇನು? ಒಂದು ಮನೆಯಲ್ಲಿ ಲಿಂಬೆ ಶರಬತ್ತು, ಇನ್ನೊಂದರಲ್ಲಿ ಬಾಟಲಿ ಜ್ಯೂಸು, ಮತ್ತೊಂದರಲ್ಲಿ ಸಕ್ಕರೆ ಸುರಿದ ಪುನರ್ಪುಳಿ (ಕೋಕಂ) ಶರಬತ್ತು. ಬೇಡ ಎಂದರೆ, "ಸ್ವಲ್ಪ ಆದ್ರೂ ಕುಡೀರಿ ಮಾರಾಯ್ರೆ." ಮಕ್ಕಳ ಶಾಲಾ ಚೀಲದಲ್ಲೂ ಅದೇ ಬಾಟಲಿ. ನನ್ನ ಅಕ್ಕನ ಮಗ ಓದುತ್ತಾ ಕೂತು, ಒಂದು ಬಾಟಲಿ ಲಿಂಬೆ ಪಾನೀಯವನ್ನು ಇಡೀ ಮಧ್ಯಾಹ್ನ ಗುಟುಕು ಗುಟುಕಾಗಿ ಕುಡಿಯುತ್ತಾನೆ. ಅವನ ಮುಂದಿನ ಹಲ್ಲುಗಳ ತುದಿ ಈಗ ಗಾಜಿನ ಹಾಗೆ ಪಾರದರ್ಶಕ. ಬುಡದ ಹತ್ತಿರ ಹಳದಿ ಕಾಣುತ್ತದೆ. ಅದು ಕೊಳೆಯಲ್ಲ. ಹಲ್ಲಿನ ಹೊರಪದರವಾದ ಎನಾಮೆಲ್ ತೆಳುವಾಗಿ ಒಳಗಿನ ಪದರ ಕಾಣುತ್ತಿದೆ. ಹದಿಹರೆಯದ ಹುಡುಗ. ನೋಡಿ ಹೊಟ್ಟೆ ಚುರ್ ಎಂದಿತು.

ಎನಾಮೆಲ್ ನಮ್ಮ ಮೈಯಲ್ಲೇ ಅತ್ಯಂತ ಗಟ್ಟಿ ವಸ್ತು. ತೂಕದ ಸುಮಾರು ಶೇಕಡಾ 96ರಷ್ಟು ಭಾಗ ಖನಿಜವೇ. ಆದರೆ ಅದರಲ್ಲಿ ಜೀವಕೋಶ ಇಲ್ಲ, ಸವೆದುಹೋದರೆ ಮತ್ತೆ ಬೆಳೆಯುವುದಿಲ್ಲ. ಹುಳಿಯನ್ನು ಅಳೆಯುವುದು ಪಿಎಚ್‌ನಲ್ಲಿ, ಅದು ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಖನಿಜ ಕರಗಲು ಶುರು. ಕೋಲಾದ ಪಿಎಚ್ 2.5ರ ಆಸುಪಾಸು, ಲಿಂಬೆರಸದ್ದೂ ಹೆಚ್ಚುಕಡಿಮೆ ಅಷ್ಟೇ. ಸಕ್ಕರೆಯದು ಬೇರೆ ದಾರಿ. ಹಲ್ಲಿಗಂಟಿದ ಬ್ಯಾಕ್ಟೀರಿಯಾ ಅದನ್ನು ತಿಂದು ಆಮ್ಲ ಮಾಡುತ್ತವೆ. ಶರಬತ್ತಿನಲ್ಲಿ ಎರಡೂ ಒಟ್ಟಿಗೆ ಬಂತು. 'ಡಯಟ್' ಕೋಲಾದಲ್ಲಿ ಸಕ್ಕರೆ ಇಲ್ಲದಿದ್ದರೂ ಆಮ್ಲ ಇದ್ದೇ ಇರುತ್ತದೆ. ಜೊಲ್ಲು ಈ ಆಮ್ಲವನ್ನು ತಣಿಸಿ, ಮೆತ್ತಗಾದ ಎನಾಮೆಲ್‌ಗೆ ಖನಿಜ ವಾಪಸು ಕೊಡುತ್ತದೆ. ಅದಕ್ಕೆ ಅರ್ಧ ಗಂಟೆಯೋ ಇನ್ನೂ ಜಾಸ್ತಿಯೋ ಬೇಕು. ಹತ್ತು ನಿಮಿಷಕ್ಕೊಂದು ಗುಟುಕು ಕುಡಿದರೆ ಪಾಪ ಜೊಲ್ಲಿಗೆ ಪುರುಸೊತ್ತು ಎಲ್ಲಿ? ಅದೇ ಲೋಟವನ್ನು ಊಟದ ಜೊತೆ ಕುಡಿದು ಮುಗಿಸಿದರೆ ಹಾನಿ ಎಷ್ಟೋ ಕಡಿಮೆ.

ಹಾಗಂತ ಸ್ವೀಡನ್ನಿನವರು ಎಲ್ಲ ಸರಿ ಮಾಡುತ್ತಾರೆ ಎನ್ನುತ್ತಿಲ್ಲ. ಇಲ್ಲಿನ ಹುಡುಗರ ಕೈಯಲ್ಲಿ ಎನರ್ಜಿ ಡ್ರಿಂಕ್ ಡಬ್ಬಿ ಬೇಕಾದಷ್ಟು ಕಾಣುತ್ತದೆ. ನಮ್ಮ ಹಿರಿಯರ ರೀತಿ ಇವರ ಶನಿವಾರಕ್ಕಿಂತಲೂ ಚೆನ್ನಾಗಿತ್ತು ಎಂದು ನನಗನಿಸುತ್ತದೆ. ಬಿಸಿಲಲ್ಲಿ ಬಂದವರಿಗೆ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಬೆಲ್ಲವೂ ಸಕ್ಕರೆಯೇ, ಅನುಮಾನ ಬೇಡ. ಆದರೆ ನಿಮಿಷದಲ್ಲಿ ಮುಗಿಯುತ್ತದೆ, ಹಿಂದೆಯೇ ನೀರು ಬಾಯಿ ತೊಳೆಯುತ್ತದೆ. ಸಕ್ಕರೆ ಹಾಕದ ಮಜ್ಜಿಗೆ ಇನ್ನೂ ಒಳ್ಳೆಯದು. ಹುಳಿ ಇದ್ದರೂ ಅದರಲ್ಲಿ ಕ್ಯಾಲ್ಸಿಯಂ ಇರುವುದರಿಂದ ಹಲ್ಲು ಅಷ್ಟಾಗಿ ಕರಗುವುದಿಲ್ಲ. ಪುನರ್ಪುಳಿ ಬಿಡಿ ಎಂದು ಯಾರಿಗೂ ಹೇಳಲಾರೆ, ನನಗೇ ಆಗದು. ಅದು ಊಟದ ಜೊತೆ ಸಾರಾಗಿ ಬರಲಿ. ಗಡ್‌ಬಡ್ ಐಸ್‌ಕ್ರೀಂ ಬೇಕಿದ್ದರೆ ಊಟ ಮುಗಿದ ಕೂಡಲೇ ತಿನ್ನಿ.

ಇನ್ನೊಂದು ವಿಷಯ. ಹುಳಿ ಕುಡಿದ ಕೂಡಲೇ ಹಲ್ಲುಜ್ಜಬೇಡಿ. ಮೆತ್ತಗಾದ ಎನಾಮೆಲ್ ಬ್ರಷ್ಷಿಗೆ ಸವೆಯುತ್ತದೆ. ನೀರು ಮುಕ್ಕಳಿಸಿ, ಒಂದು ಗಂಟೆ ಬಿಟ್ಟು ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಿ.

ಮಣಿಪಾಲ, ದೇರಳಕಟ್ಟೆ, ಸುಳ್ಯ, ಎಲ್ಲಿ ನೋಡಿದರೂ ನಮ್ಮಲ್ಲಿ ದಂತ ಕಾಲೇಜುಗಳಿವೆ. ಶಾಲೆಗಳಲ್ಲಿ ತಪಾಸಣಾ ಶಿಬಿರ ಮಾಡುವಾಗ ಮಕ್ಕಳ ಬಾಯಿ ನೋಡುವುದರ ಜೊತೆಗೆ, ಚೀಲದ ಬಾಟಲಿಯಲ್ಲಿ ಏನಿದೆ, ಅದನ್ನು ದಿನಕ್ಕೆ ಎಷ್ಟು ಸಲ ಕುಡಿಯುತ್ತೀರಿ ಎಂದೂ ಕೇಳಲಿ.