ನಾಲ್ಕನೇದೇ ಗಟ್ಟಿ ಇಲ್ಲ, ಐದನೇದಕ್ಕೆ ಯಾಕ್ರೀ ಇಷ್ಟು ಅವಸರ?

ಕೊಪ್ಪಳ ಬಸ್ ಸ್ಟ್ಯಾಂಡ್ ಹತ್ತಿರ ಇವತ್ತು ಒಂದು ಬ್ಯಾನರ್ ಕಣ್ಣಿಗೆ ಬಿತ್ತು: ‘ಬೇಸಿಗೆ ರಜೆಯಲ್ಲೇ ಐದನೇ ತರಗತಿಯ ಪೂರ್ತಿ ಗಣಿತ!’ ಕೆಳಗೆ ಕೋಟು-ಟೈ ಹಾಕಿಕೊಂಡು ನಗುತ್ತಿರುವ ಮಗು. ಈ ಬಿಸಿಲಲ್ಲಿ ಕೋಟು! ನನ್ನ ಮಾಸ್ತರಿಕೆಯ ಸಿಟ್ಟು ನಿಮಗೆಲ್ಲ ಗೊತ್ತಿದ್ದದ್ದೇ, ಹಾಗಾಗಿ ಬೈಯೋದು ಮುಂದುವರಿಸ್ತೀನಿ.

ಅಲ್ರೀ, ನಾಲ್ಕನೇ ಕ್ಲಾಸಿಂದು ತಲೆಯಲ್ಲಿ ಕೂತಿದೆಯಾ ಅಂತ ಮೊದಲು ಯಾರಾದರೂ ನೋಡಿದ್ರಾ? ಅದಕ್ಕೆ ಮೂರು ಲೆಕ್ಕ ಸಾಕು. 5002ರಲ್ಲಿ 1678 ಕಳೆ. 618ನ್ನು 6ರಿಂದ ಭಾಗಿಸು. 1/3 ದೊಡ್ಡದೋ, 1/4 ದೊಡ್ಡದೋ? ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂಡ್ರಿ. ಉತ್ತರಕ್ಕಿಂತ ತಪ್ಪು ಯಾವ ಥರದ್ದು ಅನ್ನೋದು ಮುಖ್ಯ.

ಮೊದಲನೇದಕ್ಕೆ 4676 ಬಂತಾ? ಹಾಗಾದರೆ ಮಗು ಪ್ರತಿ ಮನೆಯಲ್ಲೂ ದೊಡ್ಡ ಅಂಕಿಯಿಂದ ಸಣ್ಣದನ್ನು ಕಳೆದಿದೆ, ಮೇಲಿದ್ದದ್ದು ಯಾವುದು, ಕೆಳಗಿದ್ದದ್ದು ಯಾವುದು ನೋಡಿಲ್ಲ. ನಡುವೆ ಎರಡು ಸೊನ್ನೆ ಇದ್ದರೆ ‘ಪಕ್ಕದ ಮನೆಯಿಂದ ತಗೋ’ ಅನ್ನೋ ಮಂತ್ರ ಕೆಲಸ ಮಾಡೋದಿಲ್ಲ, ಪಕ್ಕದ ಮನೆಯೂ ಖಾಲಿ. 5002 ಅಂದರೆ 500 ಹತ್ತುಗಳು ಮತ್ತು 2 ಅಂತ ತೋರಿಸಿ. ಒಂದು ಹತ್ತು ಬಿಡಿಸಿದರೆ 499 ಹತ್ತುಗಳು, 12 ಬಿಡಿ. 12ರಲ್ಲಿ 8 ಹೋದರೆ 4, 499ರಲ್ಲಿ 167 ಹೋದರೆ 332. ಉತ್ತರ 3324. ಅಂಕಿ ಹೊಡೆದು ಹೊಡೆದು ಮೇಲೆ ಬರೆಯೋ ಗಲೀಜೇ ಇಲ್ಲ.

ಎರಡನೇದಕ್ಕೆ 13 ಬಂದರೆ ಭಾಗಲಬ್ಧದಲ್ಲಿ ಸೊನ್ನೆ ಬಿಟ್ಟುಹೋಗಿದೆ. 1ರಲ್ಲಿ 6 ಹೋಗೋದಿಲ್ಲ ಅಂತ ಮಗು 8ನ್ನು ಇಳಿಸಿಕೊಂಡಿತು, ಆ ಜಾಗಕ್ಕೆ ಸೊನ್ನೆ ಬರೆಯಲಿಲ್ಲ. ಭಾಗಿಸೋ ಮೊದಲೇ ಅಂದಾಜು ಹೇಳಿಸಿ. 600ನ್ನು 6 ಜನಕ್ಕೆ ಹಂಚಿದರೇ ನೂರು ಬರುತ್ತೆ, 13 ಹೆಂಗಾದೀತು? 1/4 ದೊಡ್ಡದು ಅಂದರೆ ಕಾರಣ ಗೊತ್ತೇ ಇದೆ, 4 ದೊಡ್ಡದಲ್ವಾ!

ಇಂಥ ಮಗುವಿಗೆ ಐದನೇ ಕ್ಲಾಸಿನ ಪುಸ್ತಕ ಓಡಿಸಿದರೆ ಏನಾಗುತ್ತೆ? ಬಾಯಿಪಾಠ ಆಗುತ್ತೆ, ಅಷ್ಟೇ.

ಭಿನ್ನರಾಶಿಗೆ ಖಡಕ್ ರೊಟ್ಟಿ ಮುರಿದು ತೋರಿಸೋರು ಇದ್ದಾರೆ. ಬೇಡ್ರಿ, ಅದು ತನಗೆ ಬೇಕಾದಲ್ಲಿ ಮುರಿಯುತ್ತೆ, ಸಮಭಾಗ ಅನ್ನೋ ಮಾತೇ ಕೆಡುತ್ತೆ. ಹಾಳೆಯಲ್ಲಿ 24 ಸೆಂ.ಮೀ. ಉದ್ದದ ಪಟ್ಟಿಗಳನ್ನು ಕತ್ತರಿಸಿ. 24 ಯಾಕೆಂದರೆ ಅದು 2, 3, 4, 6, 8, 12ರಿಂದ ಸಲೀಸಾಗಿ ಭಾಗವಾಗುತ್ತೆ. ಮೂರರಲ್ಲಿ ಒಂದು 8 ಸೆಂ.ಮೀ., ನಾಲ್ಕರಲ್ಲಿ ಒಂದು 6 ಸೆಂ.ಮೀ. ಯಾವುದು ದೊಡ್ಡದು ಅಂತ ಕೇಳೋದೇ ಬೇಡ, ಕಾಣುತ್ತೆ. ಎರಡನ್ನೂ ಜೋಡಿಸಿದರೆ 14 ಸೆಂ.ಮೀ. ಹನ್ನೆರಡರಲ್ಲಿ ಒಂದು 2 ಸೆಂ.ಮೀ. ಆದ್ದರಿಂದ 14 ಸೆಂ.ಮೀ. ಅಂದರೆ 7/12. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಅನ್ನೋ ಹೆಸರೂ ಕೇಳದ ಮಗು 1/3 + 1/4 ಮಾಡಿತು ನೋಡ್ರಿ. ಮುಂದೆ ಹೋಗೋದು ಅಂದರೆ ಇದು!

ಮಗ್ಗಿಯ ವಿಚಾರಕ್ಕೆ ಬಂದರೆ, 30ರವರೆಗೆ ಅರಚಿಸೋ ಹುಚ್ಚು ಬಿಡಿ. 2ರಿಂದ 9ರ ಗುಣಾಕಾರದಲ್ಲಿ 7×8, 8×7 ಒಂದೇ ಅಂತ ತಿಳಿದರೆ ಇರೋದು 36 ಮಾತ್ರ. ಎರಡರದು, ಐದರದು ಹೇಗೂ ಬರುತ್ತೆ, ಉಳಿದದ್ದು 21. ಅವನ್ನೇ ಹಿಂದುಮುಂದಾಗಿ ಕೇಳಿ: 56ರಲ್ಲಿ 8 ಎಷ್ಟು ಸಲ? ‘ಏಳೊಂದ್ಲ ಏಳು’ ಅಂತ ಮೊದಲಿಂದ ಹತ್ತಿಕೊಂಡು ಬರಬೇಕಾದರೆ ಇನ್ನೂ ಬಂದಿಲ್ಲ ಅಂತಲೇ ಅರ್ಥ.

‘ನವೋದಯಕ್ಕೆ ಸ್ಪೀಡ್ ಬೇಕಲ್ರೀ ಸರ್’ ಅಂತೀರಿ. ಗೊತ್ತು. ಕುಕನೂರು, ಮುದಗಲ್‌ನ ನವೋದಯ ಶಾಲೆಗಳ ಕನಸು ಕಾಣೋದು ತಪ್ಪೇನಲ್ಲ. ಪ್ರವೇಶ ಪರೀಕ್ಷೆಯಲ್ಲಿ ಎರಡು ಗಂಟೆಯ ಅವಧಿಗೆ 80 ಪ್ರಶ್ನೆ, ಅದರಲ್ಲಿ ಅಂಕಗಣಿತ 20. ಸರಾಸರಿ ಒಂದಕ್ಕೆ ಒಂದೂವರೆ ನಿಮಿಷ ಸಿಗುತ್ತೆ. 21 ಗುಣಾಕಾರ ಮತ್ತು ಅಂದಾಜು ಗಟ್ಟಿ ಇರೋ ಮಗುವಿಗೆ ಅದು ಸಾಕು. ಅರ್ಥವಾಗದ ಸೂತ್ರ ಹುಡುಕೋಕೆ ಹೋದ ಮಗುವಿಗೆ ಐದು ನಿಮಿಷವೂ ಸಾಲದು.

ನಿಜವಾಗಿ ಮುಂದೆ ಒಯ್ಯಬೇಕಾ? ಒಂದೇ ಭಾಗಾಕಾರವನ್ನು ತಿರುಗಿಸಿ ಮುರುಗಿಸಿ ಕೇಳಿ. ಟಂಟಂನಲ್ಲಿ (ಶೇರ್ ಆಟೋದಲ್ಲಿ) 8 ಜನ ಹಿಡಿಸುತ್ತಾರೆ, 50 ಜನಕ್ಕೆ ಎಷ್ಟು ಟಂಟಂ? 7. 50 ರೂಪಾಯಿಗೆ 8 ರೂಪಾಯಿಯ ಪೆನ್ನು ಎಷ್ಟು? 6. ಚಿಲ್ಲರೆ ಎಷ್ಟು ಉಳೀತು? 2. ಅದೇ 50 ರೂಪಾಯಿ 8 ಜನಕ್ಕೆ ಸಮ ಹಂಚಿದರೆ? 6 ರೂಪಾಯಿ 25 ಪೈಸೆ (ನಾಲ್ಕಾಣೆ 2011ರಲ್ಲೇ ನಿಂತಿದೆ, ಲೆಕ್ಕದಲ್ಲಂತೂ ಇದೆ). ಬಹಳ ಮಕ್ಕಳು ನಾಲ್ಕಕ್ಕೂ ‘6, ಶೇಷ 2’ ಅಂತ ಬರೆದು ಕೈತೊಳೆದುಕೊಳ್ತಾರೆ. ಬ್ಯಾನರಿನ ಮಗುವೂ ಹಾಗೇ ಬರೆಯುತ್ತೆ, ಬೇಕಾದರೆ ಕೇಳಿ ನೋಡಿ.

ಗಂಗಾವತಿ, ಸಿಂಧನೂರಿನ ಕಡೆಯವರು ಭತ್ತದ ಚೀಲದ ಲೆಕ್ಕ ಕೊಡ್ರಿ. 75 ಕೆ.ಜಿ.ಯ 40 ಚೀಲ ಎಷ್ಟು ಕ್ವಿಂಟಲ್? ನಾಲ್ಕು ಚೀಲಕ್ಕೆ 300 ಕೆ.ಜಿ. ಅಂತ ಮಗುವಿಗೆ ತಾನಾಗೇ ಹೊಳೆದರೆ 30 ಕ್ವಿಂಟಲ್ ಬಾಯಲ್ಲೇ ಬರುತ್ತೆ. ಇನ್ನು ಚೌಕಳಿ ಹಾಳೆ ಇದ್ದರೆ 24 ಚೌಕದ ಆಯತ ಎಷ್ಟು ಥರ ಬರುತ್ತೆ ಅಂತ ಬರೆಸಿ: 1×24, 2×12, 3×8, 4×6. ಆಮೇಲೆ 23 ಕೊಡಿ, ಒಂದೇ ಥರ ಬರುತ್ತೆ. ಯಾಕೆ ಅಂತ ಅದೇ ಕೇಳಲಿ, ಅವಿಭಾಜ್ಯ ಅನ್ನೋ ಹೆಸರು ಆಮೇಲೆ ಹೇಳಿದರಾಯ್ತು.

ಬೆಳಿಗ್ಗೆ ಏಳರ ಹೊತ್ತಿಗೆ, ಬಿಸಿಲು ಏರೋ ಮೊದಲು, 25 ನಿಮಿಷ, ವಾರಕ್ಕೆ ಐದು ದಿನ ಸಾಕು. ಮಧ್ಯಾಹ್ನ ಫ್ಯಾನಿನ ಬಿಸಿಗಾಳಿಯಲ್ಲಿ ಮಗುವನ್ನು ಲೆಕ್ಕಕ್ಕೆ ಕೂಡಿಸಬೇಡ್ರಿ. ತಪ್ಪಾದ ಲೆಕ್ಕವನ್ನು ಕೆಂಪು ಶಾಯಿಯಲ್ಲಿ ತಿದ್ದೋದೂ ಬೇಡ. ಎರಡು ದಿನ ಬಿಟ್ಟು ಅಂಕಿ ಬದಲಿಸಿ ಮತ್ತೆ ಕೊಡಿ, 7004ರಲ್ಲಿ 2586 ಕಳೆ ಅಂತ. 4418 ಬಂದರೆ ಮುಂದಿನದು. 5582 ಬಂದರೆ ಮತ್ತೆ ಹತ್ತುಗಳಿಂದ ಶುರು ಮಾಡ್ರಿ, ಐದನೇ ಕ್ಲಾಸಿನ ಪುಸ್ತಕ ಇನ್ನೊಂದು ವಾರ ಕಾಯಲಿ.